ಅರಿವು ಸಾಲದ ದುಡ್ಡು, ವಿಧಾನಸೌಧದ ಲೆಕ್ಕ: ದಾವಣಗೆರೆ, ಚಿತ್ರದುರ್ಗದ ಮನೆಗಳವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ದಾವಣಗೆರೆಯ ಒಂದು ಸಹಕಾರ ಸಂಘದಲ್ಲಿ 19 ವರ್ಷದಿಂದ ಲೆಕ್ಕ ಬರೆಯುತ್ತಿದ್ದೇನೆ. ಸಿಇಟಿ ಸೀಟು ಹಂಚಿಕೆ ಮುಗಿದ ಮೇಲೆ ನಮ್ಮ ಮನೆಗೆ ಮಕ್ಕಳು ಬರಲು ಶುರು ಮಾಡುತ್ತಾರೆ. ಜಗಳೂರು, ಮಾಯಕೊಂಡ, ಹೊಳಲ್ಕೆರೆ, ಭರಮಸಾಗರ ಕಡೆಯವರು. ನಿಗಮದ ಸಾಲಕ್ಕೆ ಅರ್ಜಿ ತುಂಬಿಸಿಕೊಡಿ ಅಂತ ಕೇಳುತ್ತಾರೆ. ಅರ್ಜಿ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಆಮೇಲೆ ಅಪ್ಪ ಅಮ್ಮಂದಿರು ಕೇಳುವ ಪ್ರಶ್ನೆಗಳಿಗೆ ಮಾತ್ರ ಜಾಸ್ತಿ ಹೊತ್ತು ಬೇಕು. ದುಡ್ಡು ಯಾವಾಗ ಬರುತ್ತೆ? ಯಾಕೆ ತಡ? ಇದನ್ನೆಲ್ಲ ಯಾರು ಕೇಳ್ತಾರೆ? ಅವನ್ನೇ ಇಲ್ಲಿ ಬರೆದಿದ್ದೇನೆ.

ಕರ್ನಾಟಕದಲ್ಲಿ ವಿದ್ಯಾರ್ಥಿಗಳಿಗೆ ಸಾಲ ಕೊಡುವ ಸರ್ಕಾರಿ ಸಂಸ್ಥೆ ಯಾವುದು?

ಒಂದೇ ಸಂಸ್ಥೆ ಅಂತ ಇಲ್ಲ. ಬೇರೆ ಬೇರೆ ಸಮುದಾಯಗಳಿಗೆ ಬೇರೆ ಬೇರೆ ಅಭಿವೃದ್ಧಿ ನಿಗಮಗಳಿವೆ. ಹಿಂದುಳಿದ ವರ್ಗದವರಿಗೆ ಡಿ. ದೇವರಾಜ ಅರಸು ಹಿಂದುಳಿದ ವರ್ಗಗಳ ಅಭಿವೃದ್ಧಿ ನಿಗಮ ಇದೆ. ಇದು 1977ರಲ್ಲಿ ಶುರುವಾಯಿತು. ಮುಸ್ಲಿಂ, ಕ್ರೈಸ್ತ, ಜೈನ ಮೊದಲಾದ ಸಮುದಾಯಗಳಿಗೆ 1986ರಲ್ಲಿ ಶುರುವಾದ ಕರ್ನಾಟಕ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮ ಇದೆ. ಇತ್ತೀಚೆಗೆ ವೀರಶೈವ ಲಿಂಗಾಯತ, ಒಕ್ಕಲಿಗ, ಆರ್ಯವೈಶ್ಯ, ಮರಾಠ, ಹೀಗೆ ಒಂದೊಂದು ಸಮುದಾಯಕ್ಕೂ ನಿಗಮ ಬಂದಿದೆ. ಇವುಗಳಲ್ಲಿ ಶಿಕ್ಷಣ ಸಾಲಕ್ಕೆ ಹೆಚ್ಚಾಗಿ ಬಳಕೆಯಲ್ಲಿರುವ ಹೆಸರು 'ಅರಿವು'. ಬಡ್ಡಿ ವರ್ಷಕ್ಕೆ ಶೇ 2. ಕೋರ್ಸಿಗೆ ತಕ್ಕಂತೆ ಸಾಲದ ಮೊತ್ತ ಬೇರೆಯಾಗುತ್ತದೆ. ಪ್ರತಿ ವರ್ಷ ಒಂದು ಕಂತಿನಂತೆ ಹಣ ಬಿಡುತ್ತಾರೆ.

ಆ 'ಪ್ರತಿ ವರ್ಷ' ಎನ್ನುವ ಮಾತನ್ನು ನೆನಪಿಡಿ. ತೊಂದರೆ ಅಲ್ಲೇ ಇದೆ.

ಬ್ಯಾಂಕಿನ ಎಜುಕೇಶನ್ ಲೋನಿಗೂ ಇದಕ್ಕೂ ಏನು ವ್ಯತ್ಯಾಸ?

ಬ್ಯಾಂಕ್ ತನ್ನ ಠೇವಣಿದಾರರ ಹಣ ಕೊಡುತ್ತದೆ. ಅದನ್ನು ರಿಸರ್ವ್ ಬ್ಯಾಂಕ್ ನೋಡಿಕೊಳ್ಳುತ್ತದೆ. ನಿಗಮ ಕೊಡುವುದು ಬಹುಪಾಲು ನಮ್ಮ ತೆರಿಗೆ ಹಣ. ಆದ್ದರಿಂದ ಅದರ ಲೆಕ್ಕ ಕೇಳುವ ಹಕ್ಕು ಶಾಸನಸಭೆಗೆ ಇದೆ.

ನಿಗಮಕ್ಕೆ ದುಡ್ಡು ಬರುವ ದಾರಿ ಯಾವುದು?

ಮೂರು ದಾರಿ. ಮೊದಲನೆಯದು ರಾಜ್ಯ ಬಜೆಟ್. ಎರಡನೆಯದು ಕೇಂದ್ರದ ನಿಗಮಗಳು. ಹಿಂದುಳಿದ ವರ್ಗಗಳಿಗೆ 1992ರಲ್ಲಿ, ಅಲ್ಪಸಂಖ್ಯಾತರಿಗೆ 1994ರಲ್ಲಿ ರಾಷ್ಟ್ರೀಯ ಮಟ್ಟದ ಹಣಕಾಸು ನಿಗಮಗಳು ಬಂದವು. ಅವು ರಾಜ್ಯ ನಿಗಮಗಳಿಗೆ ಸಾಲ ಕೊಡುತ್ತವೆ, ರಾಜ್ಯ ನಿಗಮ ನಮಗೆ ಕೊಡುತ್ತದೆ. ಮೂರನೆಯದು, ಹಿಂದೆ ಸಾಲ ತೆಗೆದುಕೊಂಡವರು ಕಟ್ಟುವ ಕಂತು.

ಬಜೆಟ್ ಪುಸ್ತಕ ನೋಡುವ ಆಸಕ್ತಿ ಇದ್ದರೆ ಮೂರು ಸಂಖ್ಯೆ ಹುಡುಕಿ: 2225, 4225, 6225. ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗ, ಅಲ್ಪಸಂಖ್ಯಾತರ ಕಲ್ಯಾಣದ ಲೆಕ್ಕ ಶೀರ್ಷಿಕೆಗಳು ಇವು. 2225 ಅಂದರೆ ಆ ವರ್ಷ ಖರ್ಚಾಗಿ ಹೋಗುವ ಹಣ, ಅನುದಾನ ಇಲ್ಲಿ ಬರುತ್ತದೆ. 4225 ಅಂದರೆ ಬಂಡವಾಳ. ಸರ್ಕಾರ ನಿಗಮದಲ್ಲಿ ಷೇರು ಹಾಕುವುದು ಇಲ್ಲಿ ಬರುತ್ತದೆ. 6225 ಅಂದರೆ ಸರ್ಕಾರ ಕೊಟ್ಟ ಸಾಲ. ಇದು ಗುಮಾಸ್ತರ ತಲೆನೋವು ಅಂತ ಅನಿಸಬಹುದು. ಆದರೆ ಅನುದಾನವಾದರೆ ನಿಗಮ ಅದನ್ನು ಸರ್ಕಾರಕ್ಕೆ ವಾಪಸ್ ಕಟ್ಟಬೇಕಿಲ್ಲ. ಸಾಲವಾದರೆ ಕಟ್ಟಬೇಕು. ಒಂದೇ ಹಣಕ್ಕೆ ಎರಡು ಜವಾಬ್ದಾರಿ. ಯಾವ ಶೀರ್ಷಿಕೆಯಲ್ಲಿ ಬಂತು ಎಂದು ಕೇಳದೆ ನಿಗಮದ ಆರೋಗ್ಯ ಗೊತ್ತಾಗುವುದಿಲ್ಲ.

ಆಫೀಸಿನಲ್ಲಿ 'ಅನುದಾನ ಬಂದಿಲ್ಲ' ಅಂತಾರೆ. ಅದು ನಿಜಾನಾ?

ಇದಕ್ಕೆ ನನ್ನ ತಂಗಿಯ ಕತೆಯನ್ನೇ ಹೇಳಬೇಕು.

ಅವಳು ಎಂಜಿನಿಯರಿಂಗ್ ಓದುವಾಗ ಒಂದು ನಿಗಮದಿಂದ ಸಾಲ ಮಂಜೂರಾಗಿತ್ತು. ಮೊದಲ ಎರಡು ವರ್ಷ ಕಂತು ಸರಿಯಾಗಿ ಬಂತು. ಮೂರನೇ ವರ್ಷ ಹೊತ್ತಿಗೆ ಬರಲೇ ಇಲ್ಲ. ಕಾಲೇಜಿನವರು ಹಾಲ್ ಟಿಕೆಟ್ ತಡೆದರು. ಅಪ್ಪ ಅಡಿಕೆ ವ್ಯಾಪಾರಿಯೊಬ್ಬರ ಹತ್ತಿರ ನೂರಕ್ಕೆ ಮೂರು ರೂಪಾಯಿ ತಿಂಗಳ ಬಡ್ಡಿಗೆ ಕೈಸಾಲ ತಂದರು. ವರ್ಷಕ್ಕೆ ಶೇ 2ರ ಸಾಲ ಮಂಜೂರಾಗಿದ್ದ ಮನೆ ವರ್ಷಕ್ಕೆ ಶೇ 36ರ ಸಾಲ ಮಾಡಿತು. ನಾನು ಜಿಲ್ಲಾ ಕಚೇರಿಗೆ ಆರು ಸಲ ಹೋದೆ. ಆರು ಸಲವೂ ಒಂದೇ ಉತ್ತರ: 'ಅನುದಾನ ಬಂದಿಲ್ಲ ಸಾರ್.'

ಆಮೇಲೆ ಮಾಹಿತಿ ಹಕ್ಕಿನಲ್ಲಿ ಕೇಳಿದೆ. ಸರ್ಕಾರದ ಬಿಡುಗಡೆ ಆದೇಶದ ಪ್ರತಿ ಸಿಕ್ಕಿತು. ನಾನು ಮೊದಲ ಸಲ ಕಚೇರಿಗೆ ಹೋಗುವುದಕ್ಕೆ ಎರಡು ತಿಂಗಳ ಮುಂಚೆಯೇ ಹಣ ಖಜಾನೆಯಿಂದ ಹೊರಟಿತ್ತು.

ಹಾಗಾದರೆ ಜಿಲ್ಲಾ ಕಚೇರಿಯವರು ಸುಳ್ಳು ಹೇಳಿದರಾ? ಇಲ್ಲ. ಅವರಿಗೆ ನಿಜವಾಗಲೂ ಬಂದಿರಲಿಲ್ಲ. ಹಣ ನಿಗಮದ ಕೇಂದ್ರ ಕಚೇರಿಯ ಬ್ಯಾಂಕ್ ಖಾತೆಯಲ್ಲಿ ಇತ್ತು. ನಮ್ಮ ಲೆಕ್ಕ ಪದ್ಧತಿಯಲ್ಲಿ ಒಂದು ತೂತಿದೆ. ಖಜಾನೆಯಿಂದ ಹಣ ನಿಗಮದ ಖಾತೆಗೆ ಹೋದ ಕೂಡಲೇ ಸರ್ಕಾರದ ಪುಸ್ತಕದಲ್ಲಿ ಅದು 'ಖರ್ಚು' ಎಂದು ಬರೆದುಬಿಡುತ್ತಾರೆ. ವಿದ್ಯಾರ್ಥಿಯ ಕೈಗೆ ಸೇರಿತಾ ಅನ್ನುವುದು ಆ ಪುಸ್ತಕದಲ್ಲಿ ಇರುವುದಿಲ್ಲ. ಬಜೆಟ್ ಚರ್ಚೆಯಲ್ಲಿ 'ಪೂರ್ತಿ ಬಿಡುಗಡೆ ಮಾಡಿದ್ದೇವೆ' ಎಂದು ಹೇಳಿದರೆ ಅದು ನಿಜ. ನಮ್ಮ ಮನೆಯಲ್ಲಿ ಹಾಲ್ ಟಿಕೆಟ್ ಸಿಗಲಿಲ್ಲ, ಅದೂ ನಿಜ. ಈ ಎರಡು ನಿಜಗಳ ನಡುವೆ ಎಷ್ಟು ದಿನ ಕಳೆಯಿತು ಎಂದು ಶಾಸನಸಭೆ ಕೇಳಬೇಕು. ಈ ಬರಹದಲ್ಲಿ ನಾನು ಹೇಳಬೇಕಾದ ಮುಖ್ಯ ಮಾತು ಇದೇ.

ಬಿಡುಗಡೆ ನಿಜವಾಗಿಯೂ ತಡವಾಗುವುದೂ ಉಂಟು. ಬಜೆಟ್‌ನಲ್ಲಿ ಇಟ್ಟ ಹಣವನ್ನು ಒಂದೇ ಸಲ ಕೊಡುವುದಿಲ್ಲ, ಕಂತು ಕಂತಾಗಿ ಕೊಡುತ್ತಾರೆ. ಕೊನೆಯ ಕಂತು ಮಾರ್ಚ್‌ನಲ್ಲಿ ಬಂದರೆ ಕಾಲೇಜಿನ ಫೀ ಕಟ್ಟುವ ದಿನ ಎಂದೋ ಮುಗಿದಿರುತ್ತದೆ.

ನಿಗಮ ಅಂದರೆ ಕಂಪನಿ ಅಲ್ವಾ? ಕಂಪನಿಯ ಲೆಕ್ಕಕ್ಕೂ ವಿಧಾನಸಭೆಗೂ ಏನು ಸಂಬಂಧ?

ಹೌದು, ಈ ನಿಗಮಗಳಲ್ಲಿ ಹೆಚ್ಚಿನವು ಕಂಪನಿ ಕಾಯ್ದೆಯಡಿ ನೋಂದಣಿಯಾಗಿವೆ. ಅವುಗಳ ಷೇರು ಇರುವುದು ಸರ್ಕಾರದ ಕೈಯಲ್ಲಿ, ಆದ್ದರಿಂದ ಸರ್ಕಾರಿ ಕಂಪನಿಗಳು. ಅವಕ್ಕೆ ಕಾನೂನು ಬೇರೆ ನಿಯಮ ಇಟ್ಟಿದೆ. 2013ರ ಕಂಪನಿ ಕಾಯ್ದೆಯ 395ನೇ ಕಲಮಿನ ಪ್ರಕಾರ, ವಾರ್ಷಿಕ ಮಹಾಸಭೆ ಆದ 3 ತಿಂಗಳೊಳಗೆ ರಾಜ್ಯ ಸರ್ಕಾರ ಆ ಕಂಪನಿಯ ವಾರ್ಷಿಕ ವರದಿ ಸಿದ್ಧಪಡಿಸಬೇಕು. ಆಡಿಟ್ ವರದಿ ಜೊತೆಗಿಟ್ಟು, ಆದಷ್ಟು ಬೇಗ ಸದನದ ಮುಂದೆ ಇಡಬೇಕು. ನಮ್ಮಲ್ಲಿ ಎರಡು ಸದನ ಇರುವುದರಿಂದ ವಿಧಾನಸಭೆ, ವಿಧಾನ ಪರಿಷತ್ತು ಎರಡರ ಮುಂದೆಯೂ.

ಇನ್ನೊಂದು ಸಂಬಂಧ ಇದಕ್ಕಿಂತ ಹಳೆಯದು. ಸದನ ಒಪ್ಪದೆ ರಾಜ್ಯದ ಸಂಚಿತ ನಿಧಿಯಿಂದ, ಅಂದರೆ ಸರ್ಕಾರದ ಮುಖ್ಯ ಬೊಕ್ಕಸದಿಂದ, ಒಂದು ರೂಪಾಯಿಯನ್ನೂ ತೆಗೆಯುವಂತಿಲ್ಲ. ಕೊಟ್ಟವರು ಲೆಕ್ಕ ಕೇಳುವುದು ನ್ಯಾಯ.

ಆಡಿಟ್ ಯಾರು ಮಾಡುತ್ತಾರೆ?

ಎರಡು ಹಂತ ಇದೆ. ಮೊದಲು ಒಬ್ಬ ಚಾರ್ಟರ್ಡ್ ಅಕೌಂಟೆಂಟ್ ಆಡಿಟ್ ಮಾಡುತ್ತಾರೆ. ಅವರನ್ನು ನೇಮಿಸುವುದು ನಿಗಮ ಅಲ್ಲ, ಸಿಎಜಿ, ಅಂದರೆ ಸರ್ಕಾರಗಳ ಲೆಕ್ಕ ನೋಡುವ ಮಹಾಲೆಕ್ಕ ಪರಿಶೋಧಕರು. ಲೆಕ್ಕ ಕೊಡುವವನೇ ಲೆಕ್ಕ ನೋಡುವವನನ್ನು ಆರಿಸಬಾರದು ಅನ್ನುವುದು ಇದರ ಹಿಂದಿನ ಯೋಚನೆ. ಆ ವರದಿ ಕೈಸೇರಿದ 60 ದಿನದೊಳಗೆ ಸಿಎಜಿ ತಾನೇ ಇನ್ನೊಂದು ಸಲ ಪೂರಕ ಆಡಿಟ್ ಮಾಡಬಹುದು, ಟಿಪ್ಪಣಿ ಬರೆಯಬಹುದು.

ಇದಲ್ಲದೆ ಸಿಎಜಿ ರಾಜ್ಯದ ಹಣಕಾಸಿನ ಬಗ್ಗೆ, ಯೋಜನೆಗಳ ಬಗ್ಗೆ ಬೇರೆ ವರದಿಗಳನ್ನೂ ಬರೆಯುತ್ತದೆ. ಸಂವಿಧಾನದ 151ನೇ ವಿಧಿಯಂತೆ ಅವು ರಾಜ್ಯಪಾಲರಿಗೆ ಹೋಗಿ, ಅಲ್ಲಿಂದ ಸದನಕ್ಕೆ ಬರುತ್ತವೆ. ಸದನದಲ್ಲಿ ಮಂಡನೆಯಾದ ಮೇಲೆ ಯಾರು ಬೇಕಾದರೂ ಓದಬಹುದು.

ನಿಗಮ ವರ್ಷಗಟ್ಟಲೆ ಲೆಕ್ಕವನ್ನೇ ಮುಗಿಸದಿದ್ದರೆ?

ಇದು ಕಲ್ಪನೆಯ ಪ್ರಶ್ನೆ ಅಲ್ಲ. ಲೆಕ್ಕಪತ್ರ ಬಾಕಿ ಉಳಿಸಿಕೊಂಡ ಸರ್ಕಾರಿ ಕಂಪನಿಗಳ ವಿಷಯ ಸಿಎಜಿ ವರದಿಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಮಾರ್ಚ್ 31ಕ್ಕೆ ವರ್ಷ ಮುಗಿದರೆ ಸೆಪ್ಟೆಂಬರ್ 30ರೊಳಗೆ ಮಹಾಸಭೆ ಆಗಬೇಕು. ಲೆಕ್ಕ ಮುಗಿಯದಿದ್ದರೆ ಆಡಿಟ್ ಇಲ್ಲ. ಆಡಿಟ್ ಇಲ್ಲದಿದ್ದರೆ ವರದಿ ಇಲ್ಲ. ವರದಿ ಇಲ್ಲದಿದ್ದರೆ ಶಾಸಕರ ಕೈಯಲ್ಲಿ ಕೇಳಲು ಏನೂ ಇಲ್ಲ.

ನಮ್ಮಂಥ ಸಣ್ಣ ಸಂಘದಲ್ಲಿ ಆಡಿಟ್ ತಡವಾದರೆ ಸದಸ್ಯರು ಮಹಾಸಭೆಯಲ್ಲಿ ಎದ್ದು ನಿಲ್ಲುತ್ತಾರೆ. 'ಯಾಕ್ರೀ, ಅಢಾವೆ ಪತ್ರಿಕೆ ಎಲ್ಲಿ?' ಅಂತ ಮುಖಕ್ಕೇ ಕೇಳುತ್ತಾರೆ. ಕೋಟಿಗಟ್ಟಲೆ ಹಣ ಇಟ್ಟುಕೊಂಡ ನಿಗಮವನ್ನು ಹಾಗೆ ಕೇಳುವವರು ಬೇಕಲ್ವಾ? ಆ ಕೆಲಸ ಶಾಸನಸಭೆಯದು. ಸದನದಲ್ಲಿ ಮಂಡಿಸಬೇಕಾದ ಕಾಗದಪತ್ರಗಳು ಸಕಾಲಕ್ಕೆ ಬಂದವಾ ಎಂದು ನೋಡಲು ಒಂದು ಸಮಿತಿಯೇ ಇದೆ. ಲೆಕ್ಕ ಬಾಕಿ ಇರುವ ನಿಗಮಕ್ಕೆ ಹೊಸ ಅನುದಾನ ಕೊಡುವ ಮುಂಚೆ, ಬಾಕಿ ಯಾವಾಗ ಮುಗಿಸುತ್ತೀರಿ ಎಂದು ದಿನಾಂಕ ಬರೆಸಿಕೊಳ್ಳಬೇಕು ಅನ್ನುವುದು ನನ್ನ ಅಭಿಪ್ರಾಯ. ಅನುದಾನ ನಿಲ್ಲಿಸಬಾರದು, ನಿಲ್ಲಿಸಿದರೆ ಪೆಟ್ಟು ಬೀಳುವುದು ಮಕ್ಕಳಿಗೆ.

ಸದನದ ಯಾವ ಸಮಿತಿ ಈ ಲೆಕ್ಕ ನೋಡುತ್ತದೆ?

ಸರ್ಕಾರಿ ಕಂಪನಿಗಳನ್ನು ನೋಡುವುದು ಸಾರ್ವಜನಿಕ ಉದ್ದಿಮೆಗಳ ಸಮಿತಿ. ಇಲಾಖೆಗಳ ಖರ್ಚು ನೋಡುವುದು ಸಾರ್ವಜನಿಕ ಲೆಕ್ಕಪತ್ರಗಳ ಸಮಿತಿ. ಎರಡರಲ್ಲೂ ಎರಡೂ ಸದನದ ಸದಸ್ಯರು ಇರುತ್ತಾರೆ. ಲೆಕ್ಕಪತ್ರಗಳ ಸಮಿತಿಗೆ ವಿರೋಧ ಪಕ್ಷದವರು ಅಧ್ಯಕ್ಷರಾಗುವುದು ರೂಢಿ. ಇವಲ್ಲದೆ ಹಿಂದುಳಿದ ವರ್ಗಗಳು ಮತ್ತು ಅಲ್ಪಸಂಖ್ಯಾತರ ಕಲ್ಯಾಣ ಸಮಿತಿ ಇದೆ. ಮಂತ್ರಿಗಳು ಸದನದಲ್ಲಿ ಕೊಟ್ಟ ಮಾತು ನಡೆಯಿತಾ ಎಂದು ನೋಡುವ ಭರವಸೆಗಳ ಸಮಿತಿಯೂ ಇದೆ.

ಸದನದಲ್ಲಿ ಗಲಾಟೆ ಇರುತ್ತದೆ, ಟಿವಿ ಇರುತ್ತದೆ. ಸಮಿತಿಯ ಕೋಣೆಯಲ್ಲಿ ಅದೆರಡೂ ಇಲ್ಲ. ಅಧಿಕಾರಿಯನ್ನು ಎದುರಿಗೆ ಕೂರಿಸಿಕೊಂಡು ಕಡತ ತರಿಸಬಹುದು. ಪಕ್ಷ ಮರೆತು ಕೇಳಲು ಜಾಗ ಇರುವುದು ಅಲ್ಲೇ. ಸಮಿತಿಗಳು ಜಿಲ್ಲಾ ಪ್ರವಾಸಕ್ಕೂ ಬರುತ್ತವೆ. ದಾವಣಗೆರೆಗೆ ಬಂದಾಗ ಜಿಲ್ಲಾ ಮಟ್ಟದ ಅಧಿಕಾರಿಗಳ ಸಭೆ ನಡೆಯುತ್ತದೆ, ಹಾಸ್ಟೆಲಿಗೂ ಭೇಟಿ ಕೊಡುತ್ತಾರೆ. ಹಾಸ್ಟೆಲಿನ ಅಡುಗೆ ನೋಡುವುದು ಒಳ್ಳೆಯದೇ. ಜೊತೆಗೆ ನಿಗಮದ ಜಿಲ್ಲಾ ಕಚೇರಿಗೆ ಹೋಗಿ ಅರಿವು ಸಾಲದ ರಿಜಿಸ್ಟರ್ ತೆರೆಸಿದರೆ ಇನ್ನೂ ಒಳ್ಳೆಯದು.

ನೀವೇ ಆ ಸಮಿತಿಯಲ್ಲಿ ಕೂತಿದ್ದರೆ ಏನು ಕೇಳುತ್ತಿದ್ದಿರಿ?

ಈ ಪ್ರಶ್ನೆಯನ್ನು ಹಿರಿಯೂರಿನ ಒಬ್ಬ ತಾಯಿ ಕೇಳಿದರು. ಅವತ್ತಿನಿಂದ ಯೋಚನೆ ಮಾಡುತ್ತಲೇ ಇದ್ದೇನೆ.

ಮೊದಲು ದಿನಾಂಕಗಳನ್ನು ಕೇಳುತ್ತಿದ್ದೆ. ಖಜಾನೆಯಿಂದ ಹಣ ನಿಗಮಕ್ಕೆ ಬಂದ ದಿನ, ನಿಗಮದಿಂದ ಕಾಲೇಜಿನ ಖಾತೆಗೋ ವಿದ್ಯಾರ್ಥಿಯ ಖಾತೆಗೋ ಹೋದ ದಿನ. ಎರಡರ ನಡುವೆ ಎಷ್ಟು ದಿನ? ಜಿಲ್ಲಾವಾರು ಕೊಡಿ. ಮೊತ್ತ ಎಷ್ಟು ಎಂದು ಎಲ್ಲರೂ ಕೇಳುತ್ತಾರೆ, ದಿನ ಎಷ್ಟು ಎಂದು ಕೇಳುವವರು ಕಡಿಮೆ. ನಿಂತ ಹಣಕ್ಕೆ ಬಂದ ಬಡ್ಡಿ ಎಷ್ಟು, ಅದು ಎಲ್ಲಿಗೆ ಹೋಯಿತು, ಅದನ್ನೂ ಕೇಳುತ್ತಿದ್ದೆ.

ಆಮೇಲೆ ಹಳಬರು, ಹೊಸಬರು ಎಂದು ಬೇರೆ ಮಾಡಿಸುತ್ತಿದ್ದೆ. ಹೊಸದಾಗಿ ಎಷ್ಟು ಮಕ್ಕಳಿಗೆ ಸಾಲ ಕೊಟ್ಟಿರಿ? ಈಗಾಗಲೇ ಓದುತ್ತಿರುವ ಎರಡನೇ, ಮೂರನೇ, ನಾಲ್ಕನೇ ವರ್ಷದವರಲ್ಲಿ ಎಷ್ಟು ಜನಕ್ಕೆ ಕಂತು ಹೋಯಿತು? ಹೊಸಬರ ಸಂಖ್ಯೆ ದೊಡ್ಡದಾಗಿ ಕಾಣಲಿ ಎಂದು ಹಳಬರ ಕಂತು ನಿಲ್ಲಿಸಿದರೆ ಅದು ಮೋಸ. ಮಂಜೂರಾತಿ ಪತ್ರ ನಂಬಿಕೊಂಡು ಮನೆಯವರು ಮಗುವನ್ನು ಕಾಲೇಜಿಗೆ ಸೇರಿಸಿರುತ್ತಾರೆ. ಮೊದಲ ವರ್ಷ ಕೈ ಹಿಡಿದು ಮೂರನೇ ವರ್ಷ ಬಿಡುವುದಕ್ಕಿಂತ ಮೊದಲೇ ಇಲ್ಲ ಎಂದು ಹೇಳುವುದು ವಾಸಿ. ಹಳಬರ ಕಂತಿಗೆ ಬೇಕಾದ ಹಣವನ್ನು ಮೊದಲು ತೆಗೆದಿಟ್ಟು, ಉಳಿದದ್ದರಲ್ಲಿ ಹೊಸಬರಿಗೆ ಕೊಡಬೇಕು.

ಮೂರನೆಯದು ವಸೂಲಿ. ಸಹಕಾರ ಸಂಘದವರಿಗೆ ಇದು ಚೆನ್ನಾಗಿ ಗೊತ್ತು. ಬೇಡಿಕೆ, ವಸೂಲಿ, ಬಾಕಿ: ಮೂರೂ ಇರುವ ಡಿಸಿಬಿ ತಃಖ್ತೆ ಕೊಡಿ ಎಂದು ಕೇಳುತ್ತಿದ್ದೆ. ಇಲ್ಲೊಂದು ಸೂಕ್ಷ್ಮ ಇದೆ. 'ವಸೂಲಿ ಶೇ 70' ಎಂದು ಬರೆದುಕೊಟ್ಟರೆ ಸುಮ್ನೆ ಒಪ್ಪಬಾರದು. ಯಾವುದರ ಶೇ 70? ಈ ವರ್ಷ ಕಟ್ಟಬೇಕಾದ ಕಂತಿನದೋ, ಹಳೆಯ ಸುಸ್ತಿ (ಗಡುವು ಮುಗಿದರೂ ಕಟ್ಟದೆ ಉಳಿದ ಕಂತು) ಎಲ್ಲ ಸೇರಿಸಿದ ಬೇಡಿಕೆಯದೋ? ಒಂದು ಉದಾಹರಣೆ ನೋಡಿ. ಈ ವರ್ಷದ ಕಂತು 10 ಲಕ್ಷ, ಹಳೆಯ ಸುಸ್ತಿ 30 ಲಕ್ಷ ಎಂದಿಟ್ಟುಕೊಳ್ಳಿ. ಬಂದದ್ದು 7 ಲಕ್ಷ. ಈ ವರ್ಷದ್ದನ್ನು ಮಾತ್ರ ನೋಡಿದರೆ ಶೇ 70. ಎಲ್ಲ ಸೇರಿಸಿದರೆ 40ಕ್ಕೆ 7, ಅಂದರೆ ಶೇ 17.5. ಎರಡೂ ಲೆಕ್ಕ ಸರಿ. ಆದರೆ ಒಂದನ್ನು ಮಾತ್ರ ತೋರಿಸಿದರೆ ಅರ್ಧ ಸತ್ಯ.

ಸುಸ್ತಿಯ ವಯಸ್ಸನ್ನೂ ಕೇಳಬೇಕು. ಒಂದು ವರ್ಷದ ಸುಸ್ತಿ ಎಂದರೆ ಹುಡುಗನಿಗೆ ಇನ್ನೂ ಕೆಲಸ ಸಿಕ್ಕಿಲ್ಲ ಎಂದಿರಬಹುದು. ಎಂಟು ವರ್ಷದ ಸುಸ್ತಿ ಎಂದರೆ ನಿಗಮದವರು ಅವನಿಗೆ ಒಂದು ನೋಟಿಸ್ ಕೂಡ ಕಳಿಸಿಲ್ಲದಿರಬಹುದು. ಎರಡಕ್ಕೂ ಮದ್ದು ಬೇರೆ.

ಬಡ ಮಕ್ಕಳ ಸಾಲ ಮನ್ನಾ ಮಾಡಿದರೆ ಒಳ್ಳೆಯದಲ್ವಾ?

ಕೇಳಲು ಒಳ್ಳೆಯದು. ನಾನು ಒಪ್ಪುವುದಿಲ್ಲ. ತೀರಿಕೊಂಡವರು, ಕಾಯಿಲೆಯಿಂದ ದುಡಿಯಲಾಗದವರು, ಇಂಥವರ ಸಾಲ ಬಿಡಲೇಬೇಕು. ಎಲ್ಲರದೂ ಬಿಟ್ಟರೆ? ತಲಾ 50 ಸಾವಿರದಂತೆ 100 ಮಕ್ಕಳಿಗೆ ಕೊಟ್ಟರೆ 50 ಲಕ್ಷ. ಅದರಲ್ಲಿ 30 ಲಕ್ಷ ವಾಪಸ್ ಬಂದರೆ ಮತ್ತೆ 60 ಮಕ್ಕಳಿಗೆ ಕೊಡಬಹುದು, ಬಜೆಟ್ ಕಾಯಬೇಕಿಲ್ಲ. ವಾಪಸ್ ಬಾರದಿದ್ದರೆ ಆ 60 ಮಕ್ಕಳು ಪ್ರತಿ ಮಾರ್ಚ್‌ನಲ್ಲೂ ಸರ್ಕಾರದ ಮುಖ ನೋಡಬೇಕು.

ನನ್ನ ತಂಗಿಗೆ ಈಗ ಬೆಂಗಳೂರಿನಲ್ಲಿ ಕೆಲಸ. ಅವಳಿಗೆ ಕಂತು ತಡವಾಗಿ ಬಂತು, ಆದರೂ ಅವಳು ಒಂದು ಕಂತನ್ನೂ ತಡ ಮಾಡಿಲ್ಲ. ರಸೀದಿಯ ಫೋಟೋ ನನಗೆ ಕಳಿಸುತ್ತಾಳೆ. ನಾನು ಅದನ್ನು ಪ್ರಿಂಟ್ ತೆಗೆದು ಫೈಲಿಗೆ ಹಾಕುತ್ತೇನೆ.

ವಾಲ್ಮೀಕಿ ನಿಗಮದಲ್ಲಿ ಆದದ್ದು ಇಲ್ಲೂ ಆಗಬಹುದಾ?

ಚಿತ್ರದುರ್ಗದ ಕಡೆ ಈ ಪ್ರಶ್ನೆ ಜಾಸ್ತಿ ಬರುತ್ತದೆ. ನಾಯಕ ಸಮುದಾಯದವರು ಅಲ್ಲಿ ಹೆಚ್ಚು, ಅವರಿಗೆ ಈ ನೋವು ಹತ್ತಿರದ್ದು. ಅದು ವಿದ್ಯಾರ್ಥಿ ಸಾಲದ ಪ್ರಕರಣ ಅಲ್ಲ. ಆದರೆ ಅದೇ ಥರದ ನಿಗಮ, ಅದೇ ಥರದ ಬ್ಯಾಂಕ್ ಖಾತೆ.

2024ರ ಮೇ ತಿಂಗಳಲ್ಲಿ ಕರ್ನಾಟಕ ಮಹರ್ಷಿ ವಾಲ್ಮೀಕಿ ಪರಿಶಿಷ್ಟ ಪಂಗಡಗಳ ಅಭಿವೃದ್ಧಿ ನಿಗಮದ ಲೆಕ್ಕ ಅಧೀಕ್ಷಕರೊಬ್ಬರು ಶಿವಮೊಗ್ಗದಲ್ಲಿ ಆತ್ಮಹತ್ಯೆ ಮಾಡಿಕೊಂಡರು. ಅವರು ಬರೆದಿಟ್ಟ ಪತ್ರದಿಂದ ವಿಷಯ ಹೊರಬಂತು. ನಿಗಮದ ಸುಮಾರು 187 ಕೋಟಿ ರೂಪಾಯಿ ಬೇರೊಂದು ಖಾತೆಗೆ ಹೋಗಿತ್ತು, ಅದರಲ್ಲಿ 88 ಕೋಟಿಗೂ ಜಾಸ್ತಿ ಹಣ ಅಕ್ರಮವಾಗಿ ವರ್ಗಾವಣೆಯಾಗಿತ್ತು. ಜೂನ್‌ನಲ್ಲಿ ಇಲಾಖೆಯ ಸಚಿವರು ರಾಜೀನಾಮೆ ಕೊಟ್ಟರು. ಜುಲೈ ಅಧಿವೇಶನದಲ್ಲಿ ಸದನದಲ್ಲಿ ದಿನಗಟ್ಟಲೆ ಚರ್ಚೆಯಾಯಿತು.

ಲೆಕ್ಕ ಬರೆಯುವ ನನ್ನನ್ನು ಈ ಸುದ್ದಿ ಬಹಳ ದಿನ ಕಾಡಿತು. ಒಬ್ಬ ಲೆಕ್ಕದ ನೌಕರ ಸತ್ತ ಮೇಲೆ ಸದನಕ್ಕೆ ಗೊತ್ತಾಗುವುದು ಮೇಲ್ವಿಚಾರಣೆ ಅಲ್ಲ. ಯಾವ ಬ್ಯಾಂಕಿನಲ್ಲಿ ಎಷ್ಟು ಖಾತೆ, ಹೊಸ ಖಾತೆ ತೆರೆಯಲು ಯಾರ ಒಪ್ಪಿಗೆ, ತಿಂಗಳ ಕೊನೆಗೆ ನಿಗಮದ ಪುಸ್ತಕವನ್ನೂ ಬ್ಯಾಂಕಿನ ಲೆಕ್ಕವನ್ನೂ ಹೊಂದಿಸಿ ನೋಡುವ ತಾಳೆ ಪಟ್ಟಿಗೆ ಸಹಿ ಹಾಕಿದವರು ಯಾರು: ಈ ಮೂರನ್ನು ಪ್ರತಿ ನಿಗಮದಿಂದಲೂ ಸಮಿತಿ ಮೊದಲೇ ತರಿಸಿಕೊಳ್ಳಬೇಕು. ನಮ್ಮ ಸಂಘದಲ್ಲಿ ತಾಳೆ ಪಟ್ಟಿ ಒಂದು ತಿಂಗಳು ತಪ್ಪಿದರೆ ಕಾರ್ಯದರ್ಶಿ ರಾತ್ರಿ ನಿದ್ದೆ ಮಾಡುವುದಿಲ್ಲ.

ನಿಗಮಕ್ಕೆ ಶಾಸಕರೇ ಅಧ್ಯಕ್ಷರಾದರೆ, ಲೆಕ್ಕ ಕೇಳುವವರು ಯಾರು?

ಸರಿಯಾದ ಪ್ರಶ್ನೆ. ನಿಗಮ ಮಂಡಳಿ ಸ್ಥಾನಗಳನ್ನು ಶಾಸಕರಿಗೆ ಕೊಡುವುದು ಎಲ್ಲ ಪಕ್ಷದ ಸರ್ಕಾರದಲ್ಲೂ ನಡೆದಿದೆ. 2024ರ ಜನವರಿಯಲ್ಲೂ ಹಲವು ಶಾಸಕರು ಹೀಗೆ ಅಧ್ಯಕ್ಷರಾದರು. ಸ್ವಯಂ ಉದ್ಯೋಗದಂಥ ಸಾಲಗಳಿಗೆ ಫಲಾನುಭವಿ ಆಯ್ಕೆ ಮಾಡುವ ಸಮಿತಿಗೂ ಶಾಸಕರೇ ಅಧ್ಯಕ್ಷರು. ಹಂಚುವವರೂ ಅವರೇ, ಲೆಕ್ಕ ಕೇಳಬೇಕಾದವರೂ ಅವರೇ. ನಿಗಮದ ಅಧ್ಯಕ್ಷರಾಗಿರುವ ಶಾಸಕರು ಉದ್ದಿಮೆಗಳ ಸಮಿತಿಯಲ್ಲಿ ಕೂರಬಾರದು. ಶಿಕ್ಷಣ ಸಾಲ ಸಿಇಟಿ ಸೀಟಿನ ಆಧಾರದ ಮೇಲೆ ಸಿಗುವುದರಿಂದ ಅಲ್ಲಿ ಶಿಫಾರಸಿನ ಕಾಟ ಕಡಿಮೆ. ಅದು ಹಾಗೇ ಉಳಿಯಲಿ.

ನಮ್ಮ ಎಂಎಲ್ಎ ಏನು ಮಾಡಬಹುದು?

ದಾವಣಗೆರೆ ಜಿಲ್ಲೆಗೆ 7 ಶಾಸಕರು, ಚಿತ್ರದುರ್ಗಕ್ಕೆ 6. ಒಟ್ಟು 13. 1997ರ ಆಗಸ್ಟ್ 15ರವರೆಗೆ ದಾವಣಗೆರೆ, ಹರಿಹರ, ಜಗಳೂರು ಕಡೆ ಚಿತ್ರದುರ್ಗ ಜಿಲ್ಲೆಯಲ್ಲೇ ಇತ್ತು, ಮಕ್ಕಳು ಓದಲು ಈಗಲೂ ಆ ಕಡೆಯಿಂದ ಈ ಕಡೆ ಬರುತ್ತಾರೆ. 13 ಜನ ಸೇರಿ ಒಂದೇ ವಿಷಯ ಕೇಳಿದರೆ ಅದಕ್ಕೆ ತೂಕ ಇರುತ್ತದೆ.

ಶಾಸಕರು ಚುಕ್ಕೆ ಗುರುತಿನ ಪ್ರಶ್ನೆ ಕೇಳಬಹುದು. ಅದಕ್ಕೆ ಮಂತ್ರಿ ಸದನದಲ್ಲಿ ಬಾಯಲ್ಲಿ ಉತ್ತರ ಹೇಳಬೇಕು, ಉಪ ಪ್ರಶ್ನೆಗೂ ಅವಕಾಶ ಇದೆ. ಚುಕ್ಕೆ ಗುರುತಿಲ್ಲದ ಪ್ರಶ್ನೆಗೆ ಲಿಖಿತ ಉತ್ತರ ಬರುತ್ತದೆ. ಅಂಕಿ ಅಂಶ ಬೇಕಾದರೆ ಲಿಖಿತವೇ ಒಳ್ಳೆಯದು, ಜಿಲ್ಲಾವಾರು ಪಟ್ಟಿ ಕೈಗೆ ಸಿಗುತ್ತದೆ. ಗಮನ ಸೆಳೆಯುವ ಸೂಚನೆ ಇದೆ, ಶೂನ್ಯ ವೇಳೆ ಇದೆ. ಬೆಂಗಳೂರಿನ ಅಧಿವೇಶನ ತಪ್ಪಿದರೆ ಚಳಿಗಾಲದಲ್ಲಿ ಬೆಳಗಾವಿಯ ಸುವರ್ಣ ವಿಧಾನಸೌಧ ಇದೆ.

ಜಿಲ್ಲೆಯಲ್ಲೇ ಇಲಾಖೆಗಳ ಪ್ರಗತಿ ನೋಡುವ ಕೆಡಿಪಿ ಸಭೆ ಇದೆ. ಅಲ್ಲಿ ನಿಗಮದ ಜಿಲ್ಲಾ ವ್ಯವಸ್ಥಾಪಕರು ಎದ್ದು ನಿಂತು ಪ್ರಗತಿ ಓದುತ್ತಾರೆ. ಆಗ 'ಹಳಬರ ಕಂತು ಎಷ್ಟು ಬಾಕಿ?' ಎಂದು ಒಂದು ಮಾತು ಕೇಳಿದರೂ ಸಾಕು, ಮುಂದಿನ ಸಭೆಗೆ ಆ ಅಂಕಿ ತಯಾರಾಗಿ ಬರುತ್ತದೆ.

ಎಂಎಲ್‌ಸಿ ಹತ್ತಿರ ಹೋಗಬಹುದಾ?

ಹೋಗಲೇಬೇಕು. ಅವರು ವಿಧಾನ ಪರಿಷತ್ತಿನ ಸದಸ್ಯರು, ಅದನ್ನು ನಾವು ಮರೆಯುತ್ತೇವೆ. ಚಿತ್ರದುರ್ಗ ಜಿಲ್ಲೆಯವರು, ದಾವಣಗೆರೆ, ಹರಿಹರ, ಜಗಳೂರು ಕಡೆಯವರು ಆಗ್ನೇಯ ಪದವೀಧರ ಕ್ಷೇತ್ರಕ್ಕೆ ಬರುತ್ತಾರೆ. ಚನ್ನಗಿರಿ, ಹೊನ್ನಾಳಿ ಕಡೆಯವರು ನೈರುತ್ಯ ಪದವೀಧರ ಕ್ಷೇತ್ರಕ್ಕೆ. ಪದವೀಧರರ ಮತದಿಂದ ಗೆದ್ದವರಿಗೆ ಪದವಿ ಓದುವ ಮಕ್ಕಳ ಸಾಲದ ವಿಷಯ ತಮ್ಮದೇ ಅನಿಸಬೇಕು.

ಪ್ರಶ್ನೆ ಹೇಗಿರಬೇಕು? ಒಂದು ಮಾದರಿ ಕೊಡಿ.

ಶಾಸಕರ ಕಚೇರಿಗೆ ಬರೀ ದೂರು ಕೊಟ್ಟರೆ ಅದು ಕಡತದಲ್ಲಿ ಕೂರುತ್ತದೆ. ಪ್ರಶ್ನೆಯನ್ನೇ ಬರೆದುಕೊಟ್ಟರೆ ಅವರ ಆಪ್ತ ಸಹಾಯಕರಿಗೆ ಕೆಲಸ ಸುಲಭ. ಸದನದ ಧಾಟಿಯಲ್ಲಿ ಹೀಗೆ ಬರೆಯಿರಿ:

(ಅ) ಕಳೆದ ಮೂರು ಆರ್ಥಿಕ ವರ್ಷಗಳಲ್ಲಿ ಅರಿವು ಶೈಕ್ಷಣಿಕ ಸಾಲಕ್ಕೆ ಬಜೆಟ್‌ನಲ್ಲಿ ಒದಗಿಸಿದ, ಬಿಡುಗಡೆಯಾದ ಮತ್ತು ವಿದ್ಯಾರ್ಥಿಗಳಿಗೆ ಪಾವತಿಯಾದ ಮೊತ್ತವೆಷ್ಟು?
(ಆ) ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳಲ್ಲಿ ಮೊದಲ ಕಂತು ಪಡೆದು ನಂತರದ ಕಂತು ಬಾಕಿ ಇರುವ ವಿದ್ಯಾರ್ಥಿಗಳೆಷ್ಟು? (ತಾಲ್ಲೂಕುವಾರು ವಿವರ ನೀಡುವುದು)
(ಇ) ಪ್ರತಿ ಬಿಡುಗಡೆ ಆದೇಶದ ದಿನಾಂಕ ಮತ್ತು ಜಿಲ್ಲೆಗೆ ಹಣ ಪಾವತಿಯಾದ ದಿನಾಂಕವೇನು?
(ಈ) ನಿಗಮದ ಲೆಕ್ಕಪತ್ರಗಳು ಯಾವ ವರ್ಷದವರೆಗೆ ಆಡಿಟ್ ಆಗಿವೆ? ವಾರ್ಷಿಕ ವರದಿಯನ್ನು ಸದನದಲ್ಲಿ ಯಾವಾಗ ಮಂಡಿಸಲಾಗಿದೆ?

(ಇ) ಬಿಟ್ಟುಬಿಡಬೇಡಿ. ಅದೇ ಜೀವಾಳ.

ಶಾಸಕರು ಕೇಳದಿದ್ದರೆ?

ಮಾಹಿತಿ ಹಕ್ಕು ಕಾಯ್ದೆ ಇದೆ, 2005ರಿಂದ. ಶುಲ್ಕ 10 ರೂಪಾಯಿ, ಬಿಪಿಎಲ್ ಕುಟುಂಬದವರಿಗೆ ಅದೂ ಇಲ್ಲ. 30 ದಿನದೊಳಗೆ ಉತ್ತರ ಕೊಡಬೇಕು. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದ ಮೀರಬಾರದು. ಜಿಲ್ಲಾ ಕಚೇರಿಗೆ ಒಂದು, ಕೇಂದ್ರ ಕಚೇರಿಗೆ ಒಂದು ಹಾಕಿ. ಎರಡು ಉತ್ತರಗಳನ್ನು ಪಕ್ಕಪಕ್ಕ ಇಟ್ಟರೆ ಹಣ ಎಲ್ಲಿ ನಿಂತಿತ್ತು ಎಂದು ತಾನೇ ಕಾಣುತ್ತದೆ. ಉತ್ತರ ಬಾರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ.

ಬಂದ ಉತ್ತರವನ್ನು ಮನೆಯಲ್ಲಿ ಇಟ್ಟುಕೊಳ್ಳಬೇಡಿ, ಅದರ ಜೆರಾಕ್ಸ್ ಶಾಸಕರಿಗೆ ಕೊಡಿ. ಕಾಗದ ಕೈಯಲ್ಲಿದ್ದರೆ ಅವರಿಗೂ ಸದನದಲ್ಲಿ ಧೈರ್ಯ ಬರುತ್ತದೆ.

ನಿಗಮ ಕೇಂದ್ರಕ್ಕೆ ಸಾಲ ಕಟ್ಟದಿದ್ದರೆ ಯಾರು ಕಟ್ಟಬೇಕು?

ಸರ್ಕಾರ ಖಾತರಿ ಕೊಟ್ಟಿದ್ದರೆ ಸರ್ಕಾರವೇ. ಖಾತರಿಗೂ ಮಿತಿ ಇದೆ. 1999ರ ಕರ್ನಾಟಕ ಸರ್ಕಾರಿ ಖಾತರಿಗಳ ಮಿತಿ ಕಾಯ್ದೆಯಂತೆ, ಒಟ್ಟು ಖಾತರಿ ಎರಡು ವರ್ಷ ಹಿಂದಿನ ರಾಜಸ್ವ ಆದಾಯದ ಶೇ 80 ಮೀರಬಾರದು.

ಪಿಎಂ ವಿದ್ಯಾಲಕ್ಷ್ಮಿ ಬಂದಿದೆಯಲ್ಲ, ಇನ್ನು ನಿಗಮದ ಸಾಲ ಯಾಕೆ?

2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಅದಕ್ಕೆ ಒಪ್ಪಿಗೆ ಕೊಟ್ಟಿತು. ಜಾಮೀನು ಇಲ್ಲದೆ ಬ್ಯಾಂಕ್ ಸಾಲ ಸಿಗುತ್ತದೆ. ಕುಟುಂಬದ ವಾರ್ಷಿಕ ಆದಾಯ 8 ಲಕ್ಷದೊಳಗಿದ್ದರೆ 10 ಲಕ್ಷದವರೆಗಿನ ಸಾಲಕ್ಕೆ ಶೇ 3 ಬಡ್ಡಿ ರಿಯಾಯಿತಿ ಇದೆ. ಒಳ್ಳೆಯ ಯೋಜನೆ. ಆದರೆ ಅದು ರ‍್ಯಾಂಕಿಂಗ್ ನೋಡಿ ಆರಿಸಿದ ಸಂಸ್ಥೆಗಳಿಗೆ ಮಾತ್ರ. ನಿಮ್ಮ ಕಾಲೇಜು ಪಟ್ಟಿಯಲ್ಲಿ ಇದೆಯಾ ಎಂದು ಮೊದಲು ನೋಡಿ.

ನಮ್ಮ ಮಕ್ಕಳು ಹೆಚ್ಚಾಗಿ ಸೇರುವುದು ಊರಿನ ಹತ್ತಿರದ ಕಾಲೇಜುಗಳಿಗೆ. ದಾವಣಗೆರೆಯಲ್ಲಿ 1951ರಿಂದ ಇರುವ ಯುಬಿಡಿಟಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು. ಅಲ್ಲಿಯೂ ಪೇಮೆಂಟ್ ಸೀಟಿನ ವಿರುದ್ಧ 2024ರಲ್ಲಿ ವಿದ್ಯಾರ್ಥಿಗಳು ಬೀದಿಗಿಳಿಯಬೇಕಾಯಿತು. ಫೀ ಏರುತ್ತಿರುವ ಹೊತ್ತಿನಲ್ಲಿ ಶೇ 2ರ ಸಾಲ ಬೇಡ ಎನ್ನುವ ಸ್ಥಿತಿಯಲ್ಲಿ ನಾವಿಲ್ಲ.

ಅದೆಲ್ಲ ಸರಿ. ಈ ವರ್ಷದ ಕಂತು ನನಗೆ ಬಂದಿಲ್ಲ, ಮುಂದಿನ ತಿಂಗಳು ಪರೀಕ್ಷೆ. ಈಗ ಏನು ಮಾಡಲಿ?

ಮಂಜೂರಾತಿ ಆದೇಶದ ಪ್ರತಿ ತೆಗೆದುಕೊಂಡು ಮೊದಲು ಪ್ರಿನ್ಸಿಪಾಲರನ್ನು ನೋಡಿ. ಹಣ ಬರುವವರೆಗೆ ಹಾಲ್ ಟಿಕೆಟ್ ತಡೆಯಬೇಡಿ ಎಂದು ಬರವಣಿಗೆಯಲ್ಲಿ ಕೇಳಿ, ಇನ್ನೊಂದು ಪ್ರತಿಗೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ನಂತರ ನಿಗಮದ ಜಿಲ್ಲಾ ಕಚೇರಿಗೆ ಹೋಗಿ. ನಿಮ್ಮ ಕಡೆಯಿಂದ ಏನಾದರೂ ಬಾಕಿ ಇದೆಯಾ ಕೇಳಿ. ಹಿಂದಿನ ವರ್ಷದ ಅಂಕಪಟ್ಟಿ, ವ್ಯಾಸಂಗ ಪ್ರಮಾಣಪತ್ರ, ಆಧಾರ್ ಜೋಡಣೆಯಾದ ಖಾತೆ, ಇವುಗಳಲ್ಲಿ ಒಂದು ಕೊಟ್ಟಿಲ್ಲದಿದ್ದರೂ ಕಂತು ನಿಲ್ಲುತ್ತದೆ. ನಿಮ್ಮದೆಲ್ಲ ಸರಿ ಇದ್ದರೆ 'ಯಾವ ಹಂತದಲ್ಲಿ ಇದೆ' ಎಂದು ಲಿಖಿತ ಉತ್ತರ ಕೇಳಿ. ಆ ಅರ್ಜಿಯ ಪ್ರತಿಯನ್ನು ಶಾಸಕರ ಕಚೇರಿಗೂ ಜಿಲ್ಲಾಧಿಕಾರಿ ಕಚೇರಿಗೂ ಕೊಡಿ.

ಬಡ್ಡಿಗೆ ಕೈಸಾಲ ತರುವ ಮುಂಚೆ ಇಷ್ಟನ್ನು ಮಾಡಿ. ನಮ್ಮಪ್ಪ ಇದನ್ನು ಮಾಡಿರಲಿಲ್ಲ, ಅವರಿಗೆ ಹೇಳುವವರು ಯಾರೂ ಇರಲಿಲ್ಲ. ಆ ಕೈಸಾಲ ತೀರಿಸಲು ಎರಡು ಸುಗ್ಗಿ ಬೇಕಾಯಿತು.